ಮೂರನೆಯ ಸಲ ಕೇಳುವವರೆಗೆ

ಕುದುರೆಗೆ ಜಾಗ ಕೇಳಿದ್ದ ಆರು ಲಾಯದವರಲ್ಲಿ ಒಬ್ಬರೂ ಅವಳಿಗೆ ಇಲ್ಲ ಎಂದಿರಲಿಲ್ಲ. ಆರ್ಡಿಸ್‌ಳ ಸಂಕಟವೇ ಅದು. ಇಲ್ಲ ಎಂದಿದ್ದರೆ ಹೆಸರಿನ ಮೇಲೊಂದು ಗೆರೆ ಎಳೆದು ಮುಂದಕ್ಕೆ ಹೋಗಬಹುದಿತ್ತು. ಆದರೆ ಅಮೆರಿಕದ ಅಯೋವಾದ ಈ ಈಶಾನ್ಯದ ಮೂಲೆಯಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. 'ನೋಡೋಣಂತೆ' ಎನ್ನುತ್ತಾರೆ, 'ಹೌದಾ, ಅದೊಂಥರಾ ವಿಶೇಷವೇ' ಎನ್ನುತ್ತಾರೆ, 'ಏನಾದ್ರೂ ಆದ್ರೆ ನಾವೇ ಫೋನ್ ಮಾಡ್ತೀವಿ' ಎನ್ನುತ್ತಾರೆ, ಆಮೇಲೆ ಈ ಸಲದ ಮುಸುಕಿನಜೋಳದ ಬಗ್ಗೆ ಐದು ನಿಮಿಷ ಮಾತಾಡಿ ಫೋನು ಇಡುತ್ತಾರೆ. ಗುರುವಾರ ಬೆಳಿಗ್ಗೆ ಚರ್ಚಿನ ಕಚೇರಿಯಲ್ಲಿ ಕೂತು ಭಾನುವಾರದ ಹಾಡಿನ ಹಾಳೆಗಳನ್ನು ಒಂದೊಂದಾಗಿ ಮಡಿಚುತ್ತಿದ್ದ ಅವಳಿಗೆ ಆ ಆರು ಧ್ವನಿಗಳೂ ಒಟ್ಟಿಗೆ ಕೇಳಿಸಿದವು, ಎಲ್ಲವೂ ಮೆತ್ತಗೆ, ಬೆಣ್ಣೆ ಸವರಿದ ಹಾಗೆ. ಮಡಿಕೆ ಓರೆಯಾಯಿತು. ಬಿಚ್ಚಿ ಮತ್ತೆ ಮಡಿಚಿದಳು. ಓರೆ ಮಡಿಚಿದ ಹಾಳೆಯ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಹೆಚ್ಚಿಗೆ ನೋಡುತ್ತಾರೆ, ಅಷ್ಟೆ.

ಮೇಬಲ್ ಇಪ್ಪತ್ಮೂರು ವರ್ಷದ ಕಂದು ಹೆಣ್ಣುಕುದುರೆ. ಹನ್ನೊಂದು ವರ್ಷದಿಂದ ಟ್ರೂಡಿ ಆಮ್ಡಾಲ್‌ಳ ಲಾಯದಲ್ಲಿ ತಿಂಗಳ ಲೆಕ್ಕದಲ್ಲಿ ನಿಂತಿತ್ತು. ಟ್ರೂಡಿ ಈಗ ಆ ಲಾಯವನ್ನು ಮದುವೆಮಂಟಪ ಮಾಡಿದ್ದಾಳೆ. ಮಿಕ್ಕ ಕುದುರೆಗಳೆಲ್ಲ ಬೇಸಿಗೆಯಲ್ಲೇ ಬೇರೆ ಬೇರೆ ಕಡೆ ಹೋದವು. ಮೇಬಲ್‌ಳ ತಲೆಯ ಮೇಲೆ ಸರಿಯಾಗಿ ಒಂದು ಗಾಜಿನ ತೂಗುದೀಪ ಬಂದು ನೇತುಬಿದ್ದಾಗಲೂ ಆರ್ಡಿಸ್ ಏನೂ ಕೇಳಲಿಲ್ಲ, ಟ್ರೂಡಿಯೂ ಏನೂ ಹೇಳಲಿಲ್ಲ. ದೀಪ ಚೆನ್ನಾಗಿದೆ ಎಂದು ಮಾತ್ರ ಇಬ್ಬರೂ ಮಾತಾಡಿಕೊಂಡರು. ಕೊನೆಗೆ ಹೋದ ವಾರ ಟ್ರೂಡಿ ಅವಳ ತೋಳು ಹಿಡಿದು ಹೇಳಿದಳು: "ಬೇಜಾರು ಮಾಡ್ಕೋಬೇಡ ಕಣೆ. ಮೇಬಲ್ ಅಂದ್ರೆ ನಮ್ಮನೆಯವಳೇ. ಆದ್ರೆ ಮುಂದಿನ ಶನಿವಾರ ಮೊದಲ್ನೇ ಮದುವೆ. ಹುಡುಗಿಗೆ ಲಾಯದಲ್ಲೇ ಮದುವೆ ಆಗ್ಬೇಕು ಅಂತ ಚಿಕ್ಕಂದಿನಿಂದ ಆಸೆಯಂತೆ. ಕುದುರೆ ವಾಸನೆ ಮಾತ್ರ ಬೇಡ್ವಂತೆ."

"ಹುಲ್ಲು ತೆಗೀತೀಯಾ ಹಾಗಾದ್ರೆ?"

"ಹುಲ್ಲು ಬೇಕಂತೆ. ಹುಲ್ಲಿನ ವಾಸನೆ ಬೇಡ್ವಂತೆ."

"ಹಾಗೆ ಸಿಗತ್ತಾ?"

"ತರಿಸಿದೀನಿ," ಎಂದಳು ಟ್ರೂಡಿ, ಸ್ವಲ್ಪ ಬೀಗಿ. "ಶನಿವಾರ ಬೆಳಿಗ್ಗೆವರೆಗೆ ಇರ್ಲಿ ಪರವಾಗಿಲ್ಲ. ಜಾಗ ಸಿಗದೇ ಹೋದ್ರೆ ನೀನು ತಲೆ ಕೆಡಿಸ್ಕೋಬೇಡ. ನನ್ನ ಭಾವ ಸೋಮವಾರ ಹೇಗೂ ಹರಾಜಿಗೆ ಗಾಡಿ ಒಯ್ತಾನೆ, ಎರಡು ದಿನ ತನ್ನ ಹಿತ್ತಲಲ್ಲಿ ಕಟ್ಕೊಂಡಿದ್ದು ಮೇಬಲ್‌ನೂ ಹತ್ತಿಸ್ಕೊಂಡ್ ಹೋಗ್ತಾನೆ."

ಹರಾಜಿನಲ್ಲಿ ಇಪ್ಪತ್ಮೂರು ವರ್ಷದ ಕುದುರೆಯನ್ನು ಕೊಳ್ಳುವವನು ಒಬ್ಬನೇ. ಹಸಿರು ಟೋಪಿ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ಅವನ ಲಾರಿ ಎಲ್ಲಿಗೆ ಹೋಗುತ್ತದೆಂಬುದು ಜಿಲ್ಲೆಗೆಲ್ಲ ಗೊತ್ತು, ಜಿಲ್ಲೆಯಲ್ಲಿ ಯಾರೂ ಆಡುವುದಿಲ್ಲ. ಆರ್ಡಿಸ್ ಟ್ರೂಡಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಮನೆಗೆ ಹೋದಳು. ಇಂಥ ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದಕ್ಕೆ ಪಾಪ ಟ್ರೂಡಿಗೆ ಎಷ್ಟು ಕಷ್ಟವಾಗಿರಬೇಕು ಅನಿಸಿತು. ಆ ಸಂಜೆಯೇ ಒಂದು ತಟ್ಟೆ ಸೇಬಿನ ಕೇಕು ಮಾಡಿ ಒಯ್ದು ಕೊಟ್ಟಳು.

ಈ ಗುರುವಾರ ಹನ್ನೊಂದು ಗಂಟೆಗೆ ಪಾದ್ರಿಗಳಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಹೇಳಿ ಹೊರಟಳು. ಯಾಕೆ ಸುಳ್ಳು ಹೇಳಿದೆ? ಕುದುರೆಗೆ ಜಾಗ ಹುಡುಕಲು ಅರ್ಧ ದಿನ ರಜೆ ಎಂದಿದ್ದರೆ ಪಾದ್ರಿಗಳೇ ತಮ್ಮ ಕಾರು ತಂದುಬಿಡುತ್ತಿದ್ದರು, ಅದಕ್ಕೇ. ಊರಿನಲ್ಲಿ ಪ್ರತಿಯೊಬ್ಬರನ್ನೂ ವಿಚಾರಿಸಲು ಒಂದೊಂದು ವಿಷಯ ಗೊತ್ತುಪಡಿಸಿದ ಹಾಗಿದೆ. ಹಾರೊಲ್ಡ್‌ನಿಗೆ ಮಂಡಿನೋವು, ಟ್ರೂಡಿಗೆ ಮೊಮ್ಮಕ್ಕಳು. ಆರ್ಡಿಸ್‌ಳಿಗೆ ಮೊದಲು ಗಂಡನಿದ್ದ, ಆಮೇಲೆ ಅವನು ಬೇರೆ ಊರಿನಲ್ಲಿ ಬೇರೆಯವಳ ಜೊತೆ ನೆಲೆನಿಂತ. ಒಂದು ತಿಂಗಳು ಜನ ಅವಳನ್ನು ಏನು ಕೇಳಬೇಕೆಂದು ತಿಳಿಯದೆ ಪರದಾಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಸಮಾಧಾನಪಟ್ಟು 'ಮೇಬಲ್ ಹೇಗಿದ್ದಾಳೆ?' ಎಂದು ಶುರುಮಾಡಿದರು. 'ಚೆನ್ನಾಗಿದ್ದಾಳೆ.' ಹೋದ ಭಾನುವಾರ ಕಾಫಿಯ ಹೊತ್ತಿಗೆ ಹತ್ತೊಂಬತ್ತು ಜನ ಕೇಳಿದ್ದರು. ಅವರಿಗೆ ಗೊತ್ತಿಲ್ಲದ್ದು, ಆರು ವರ್ಷದಿಂದ ಅವಳು ಮೇಬಲ್‌ಳ ಮೇಲೆ ಸವಾರಿ ಮಾಡಿಲ್ಲ. ಭಾನುವಾರ ಚರ್ಚು ಮುಗಿಸಿ ಹೋಗಿ, ಒಂದು ಗಜ್ಜರಿ ಕೊಟ್ಟು, ಹತ್ತು ನಿಮಿಷ ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಾಳೆ. ಆ ಹತ್ತು ನಿಮಿಷವೂ ಮೇಬಲ್ ಅವಳತ್ತ ತಿರುಗದೆ ಬಾಗಿಲ ಅಂಚಿಗೆ ಮೇಲಿನ ಹಲ್ಲು ಊರಿ, ಕತ್ತು ಬಿಗಿಹಿಡಿದು, ಗೊರ್ರೆಂದು ಗಾಳಿ ನುಂಗುತ್ತಿರುತ್ತದೆ.

ಅದೇ ಮೇಬಲ್‌ಳ ಚಟ. ಲಾಯದವರೆಲ್ಲ 'ನೋಡೋಣಂತೆ' ಎಂದದ್ದೂ ಅದಕ್ಕೇ. ಹಲ್ಲೂರುವ ಕುದುರೆ ಒಂದು ಚಳಿಗಾಲದಲ್ಲಿ ಬಾಗಿಲನ್ನು ಬಾಚಣಿಗೆ ಮಾಡಿಬಿಡುತ್ತದೆ. ಪಕ್ಕದ ಕುದುರೆ ನೋಡಿ ಕಲಿಯುತ್ತದೆಂಬ ಹೆದರಿಕೆ ಬೇರೆ. ಕೊರಳಿಗೆ ಪಟ್ಟಿ ಬಿಗಿದು ನೋಡಿದ್ದಾಯಿತು, ಬಾಗಿಲಿಗೆ ಖಾರ ಸವರಿ ನೋಡಿದ್ದಾಯಿತು. ಖಾರ ಮೇಬಲ್‌ಗೆ ಹಿಡಿಸಿತು.

ಏಳನೆಯ ಲಾಯಕ್ಕೆ ಫೋನು ಮಾಡದೆ ಖುದ್ದಾಗಿ ಹೋದಳು. ಹೆದ್ದಾರಿಯ ಪಕ್ಕ ಹೊಸದಾಗಿ ಕಟ್ಟಿದ್ದು, ಆಸ್ಪತ್ರೆಯ ಹಾಗೆ ಬೆಳ್ಳಗಿತ್ತು. ಒಳಗೆ ಕುದುರೆಗಳಿಗೆ ಮೆಲ್ಲನೆ ಪಿಯಾನೋ ಕೇಳಿಸುತ್ತಿದ್ದರು. ಕೆಂಡ್ರಾ ಎಂಬ ಮೂವತ್ತರ ಹೆಂಗಸು, ಕೂದಲನ್ನು ಕುದುರೆಬಾಲದ ಹಾಗೆಯೇ ಎತ್ತಿ ಕಟ್ಟಿದ್ದವಳು, ಅವಳ ಕೈಗೊಂದು ಅರ್ಜಿ ಕೊಟ್ಟು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು. 'ನಿಮ್ಮ ಕುದುರೆಯ ಈ ವರ್ಷದ ಗುರಿಗಳೇನು?' ಎಂದಿತ್ತು. ಆರ್ಡಿಸ್ ಬಹಳ ಹೊತ್ತು ಯೋಚಿಸಿ 'ಬದುಕಿರುವುದು' ಎಂದು ಬರೆದಳು. ಅದು ದುರಹಂಕಾರದ ಮಾತಿನಂತೆ ಕಂಡು, ಮುಂದೆ 'ಸಾಧ್ಯವಾದರೆ' ಎಂದು ಸೇರಿಸಿದಳು. ಚಟಗಳ ಕಾಲಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಕೆಂಡ್ರಾ ಅದನ್ನು ಓದಿ, ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ ಆರ್ಡಿಸ್‌ಳ ಮುಂಗೈ ಹಿಡಿದಳು.

"ಅವಳು ಏನನ್ನೋ ಹೇಳೋಕೆ ನೋಡ್ತಿದಾಳೆ ಕಣ್ರೀ."

"ಹನ್ನೊಂದು ವರ್ಷದಿಂದಲೂ ಮಾಡ್ತಿದಾಳೆ."

"ಹನ್ನೊಂದು ವರ್ಷದಿಂದ ಹೇಳ್ತಿದಾಳೆ. ನೀವು ಕೇಳಿಸ್ಕೊಂಡಿಲ್ಲ, ಅಷ್ಟೆ," ಎಂದು ಕೆಂಡ್ರಾ ಮುಗುಳ್ನಕ್ಕಳು. "ಪರವಾಗಿಲ್ಲ, ಇಲ್ಲಿ ಯಾರೂ ನಿಮ್ಮನ್ನ ತಪ್ಪು ತಿಳ್ಕೊಳಲ್ಲ. ನಾವೆಲ್ಲ ಕೂತು ಮಾತಾಡಿ ನಿಮಗೆ ತಿಳಿಸ್ತೀವಿ."

ಆರ್ಡಿಸ್ ಥ್ಯಾಂಕ್ಸ್ ಹೇಳಿದಳು. ಕಾರಿನಲ್ಲಿ ಕೂತ ಮೇಲೆ ಗೊತ್ತಾಯಿತು, ಪೆನ್ನು ತನ್ನ ಕೈಯಲ್ಲೇ ಬಂದಿದೆ. ಹಿಂದಕ್ಕೆ ಒಯ್ದು ಕೊಟ್ಟು ಇನ್ನೊಮ್ಮೆ ಥ್ಯಾಂಕ್ಸ್ ಹೇಳಿ ಬಂದಳು. ಕೇಳಿಸ್ಕೊಂಡಿಲ್ಲ ಅಷ್ಟೆ. ರಸ್ತೆಯ ಎರಡು ಕಡೆಯೂ ಜೋಳ ಕೊಯ್ಯುವ ಯಂತ್ರಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು, ಒಂದೆಡೆ ಧೂಳಿನಲ್ಲಿ ಸೂರ್ಯ ಮೊಟ್ಟೆಯ ಹಳದಿಯಂತೆ ಕದಡಿದ್ದ. ತನ್ನ ಗಂಡನೂ ಇದೇ ಮಾತನ್ನು, ಇನ್ನೂ ಸ್ವಲ್ಪ ಮೆತ್ತಗೆ, ಹೇಳಿ ಹೋಗಿದ್ದನಲ್ಲವೇ? ಅವನು ಬಿಟ್ಟುಹೋದ ವರ್ಷವೇ ಮೇಬಲ್ ಬಂದದ್ದು. ಜನ ಅದಕ್ಕೊಂದು ಕಥೆ ಕಟ್ಟಿದ್ದರು: ದುಃಖದಲ್ಲಿದ್ದವಳು ಮೂಕಪ್ರಾಣಿಯಲ್ಲಿ ಪ್ರೀತಿ ಕಂಡುಕೊಂಡಳು ಎಂದು. ಪಾದ್ರಿಗಳು ಹೆಸರು ಹೇಳದೆ ಅದನ್ನೊಂದು ಉಪದೇಶದಲ್ಲೂ ಸೇರಿಸಿದ್ದರು. ನಿಜವಾಗಿ ಆದದ್ದೇನು? ಅವಳು ಹರಾಜಿಗೆ ಹೋಗಿದ್ದು ಒಂದು ಹಳೆಯ ಹೊಲಿಗೆ ಮಿಷನ್ನಿಗೆ. ಮೇಬಲ್‌ಳನ್ನು ಅಂಗಳಕ್ಕೆ ತಂದಾಗ ಒಬ್ಬರೂ ಕೂಗಲಿಲ್ಲ. ಹಸಿರು ಟೋಪಿಯವನಿಗೂ ಅವಸರವಿರಲಿಲ್ಲ. ಹರಾಜು ಕೂಗುವವನು, ಬಡಪಾಯಿ, ಗಂಟಲು ಕಟ್ಟಿದವನು, ಮೂರು ಸಲ ಕೇಳಿ ಸುಮ್ಮನಾದ. ಅವನ ಕಣ್ಣು ಒಂದೊಂದೇ ಬೆಂಚು ದಾಟುತ್ತ ಬಂದು ಅವಳ ಮೇಲೆ ನಿಂತಿತು. ಅವನಿಗೆ ಬೇಜಾರಾಗಬಾರದೆಂದು ಆರ್ಡಿಸ್ ಕೈ ಎತ್ತಿದಳು. ಅಷ್ಟೆ. ಹನ್ನೊಂದು ವರ್ಷದ ಪ್ರೀತಿ ಅದು. ಈಗ ಅದೇ ಅಂಗಳಕ್ಕೆ ಅವಳನ್ನು ವಾಪಸು ಕಳಿಸಿದರೆ ಆಮೇಲಿನ ಭಾನುವಾರ ಹತ್ತೊಂಬತ್ತು ಜನ ಕೇಳುತ್ತಾರೆ. ನನಗೆ ಇರುವ ಭಯ ಮೇಬಲ್ ಸಾಯುತ್ತಾಳೆಂದೇ ಅಥವಾ ಕಾಫಿಯ ಹೊತ್ತಿನಲ್ಲಿ ನಾನೇನು ಹೇಳಬೇಕೆಂದೇ? ಪ್ರಶ್ನೆ ಕಾರಿನೊಳಗೆ ನೊಣದ ಹಾಗೆ ಸುತ್ತಿತು. ಅವಳು ಕಿಟಕಿ ಇಳಿಸಿದಳು; ಧೂಳು ಒಳಗೆ ಬಂತು, ನೊಣ ಹೋಗಲಿಲ್ಲ.

ಉಳಿದದ್ದು ಒಂದೇ ಹೆಸರು. ಮೇವಿನ ಅಂಗಡಿಯ ಹಲಗೆಯ ಮೇಲೆ ಕಳೆದುಹೋದ ನಾಯಿಯ ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದು ಚುಚ್ಚಿದ್ದ ಚೀಟಿ: 'ಕುದುರೆಗೆ ಜಾಗ ಇದೆ. ಎಲ್ಡನ್ ಶ್ರೋಡರ್. ಮಣ್ಣುರಸ್ತೆಯ ಕೊನೇ ಮನೆ.' ಎಲ್ಡನ್ ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಎರಡು ವರ್ಷದ ಹಿಂದೆ ಹಸುಗಳನ್ನೆಲ್ಲ ಮಾರಿದ್ದ. ಕಾರಿನ ಸದ್ದಿಗೆ ಹೊರಗೆ ಬಂದವನು ಆಕಾಶ ನೋಡಿ "ನಾಳೆ ಮಳೆ ಅಂತಿದಾರೆ" ಎಂದ, ಅವಳು "ಬೇಕಿತ್ತು ಬಿಡಿ" ಎಂದಳು, ಪರಿಚಯ ಮುಗಿಯಿತು. ಕೊಟ್ಟಿಗೆಯಲ್ಲಿ ಇನ್ನೂ ಹಾಲಿನ ಹುಳಿವಾಸನೆ. ಒಂದು ತುದಿಯಲ್ಲಿ ಹಸುವಿನ ಕಂಬಗಳನ್ನು ಕಿತ್ತು ಒಂದು ಕುದುರೆಗಾಗುವಷ್ಟು ಗೂಡು ಕಟ್ಟಿದ್ದ, ಓಕ್ ಹಲಗೆಯಲ್ಲಿ, ತಾನೇ. ಮೇಲಿನ ಅಂಚನ್ನು ಉಜ್ಜಿ ಉಜ್ಜಿ ಎಷ್ಟು ನುಣ್ಣಗೆ ಮಾಡಿದ್ದನೆಂದರೆ ಅದರ ಮೇಲೆ ಬಿದ್ದ ಬೆಳಕು ಜಾರುತ್ತಿತ್ತು. ಮಾತಾಡುತ್ತ ಅವನ ಅಂಗೈ ಆ ಅಂಚಿನ ಉದ್ದಕ್ಕೂ ಹೋಗಿ ಬರುತ್ತಿತ್ತು, ಹಸುವಿನ ಬೆನ್ನು ಸವರಿ ಅಭ್ಯಾಸವಾದ ಕೈ. ಆರ್ಡಿಸ್ ಅಂಚನ್ನು ನೋಡಿದಳು, ಅದರ ಮೇಲೆ ಮೇಬಲ್‌ಳ ಹಳದಿ ಹಲ್ಲನ್ನು ನೋಡಿದಳು.

"ಚಟ ಗಿಟ ಏನಾದ್ರೂ ಇದ್ಯಾ?" ಎಂದು ಎಲ್ಡನ್ ಕೇಳಿದ.

ಮುಂಗೈ ಮೇಲೆ ಕೆಂಡ್ರಾಳ ಬೆರಳುಗಳು ಇನ್ನೂ ಇದ್ದ ಹಾಗನಿಸಿತು. "ಇಲ್ಲಪ್ಪ," ಎಂದಳು. "ಸಾಧುಪ್ರಾಣಿ."

"ಹಾಗಾದ್ರೆ ತಂದ್ಬಿಡಿ."

ಎಷ್ಟು ಸುಲಭ! ಎಂಟು ಕಡೆ ಅಲೆದು ಕಾದಿದ್ದ ಮಾತು. ಆದರೆ ಆರ್ಡಿಸ್‌ಳ ಬಾಯಿ ತನ್ನ ಪಾಡಿಗೆ ತಾನು ಹೇಳಿತು, "ಅಯ್ಯೋ, ಸುಮ್ಮನೆ ನಿಮಗೆ ಯಾಕೆ ತೊಂದ್ರೆ."

ಇದರಲ್ಲಿ ತಪ್ಪೇನಿರಲಿಲ್ಲ. ಮೊದಲನೆಯ ಸಲ ಕೊಟ್ಟದ್ದನ್ನು ತೆಗೆದುಕೊಳ್ಳುವವರು ಹೊರಗಿನವರು. ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲ ಬೇರೆಯವರಿಗೆ ಕೊಡಿ ಎನ್ನಬೇಕು, ಮೂರನೆಯ ಸಲ ಕೇಳಿದಾಗ 'ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ' ಎಂದು ಒಪ್ಪಬೇಕು. ಎಲ್ಡನ್‌ಗೂ ಅದು ಗೊತ್ತು. ಅಡಿಗೆಮನೆಗೆ ಕರೆದುಕೊಂಡು ಹೋಗಿ ಕಾಫಿಯನ್ನು ಕ್ರಮವಾಗಿ ಮೂರು ಸಲ ಕೇಳಿದ, ಅವಳು ಕ್ರಮವಾಗಿ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಅರ್ಧ ಬಟ್ಟಲು ಎಂದಳು, ಅವನು ತುಂಬಾ ಹೊಯ್ದ. ಬಿಸ್ಕತ್ತಿನ ಡಬ್ಬಿಯದೂ ಹಾಗೆಯೇ ಆಯಿತು. ಆಮೇಲೆ ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ:

"ಜಾಗ ಖಾಲೀನೇ ಬಿದ್ದಿದೆ."

"ನಿಜವಾಗ್ಲೂ ಅಗತ್ಯ ಇರೋರು ಯಾರಾದ್ರೂ ಬರ್ತಾರೇನೋ," ಎಂದಳು ಆರ್ಡಿಸ್. ಅದು ಎರಡನೆಯ ಬೇಡ.

"ಹ್ಞೂಂ."

ಅವಳು ಕಾದಳು. ಎಲ್ಡನ್ ಕಾಫಿ ಕುಡಿದ. ತುಟಿಯ ತುದಿಯಲ್ಲಿ 'ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ' ಸಿದ್ಧವಾಗಿ ನಿಂತಿತ್ತು. ಅವನು ಇಷ್ಟು ಹೇಳಬೇಕಿತ್ತು, ಹೇಳಲಿಲ್ಲ. ಬದಲಿಗೆ ಎರಡು ಅಂಗೈಯಿಂದ ತೊಡೆಗಳನ್ನು ತಟ್ಟಿಕೊಂಡು "ಸರಿ ಹಾಗಾದ್ರೆ" ಎಂದು ಎದ್ದ. ಈ ಕಡೆ ತೊಡೆ ತಟ್ಟುವುದೆಂದರೆ ಮಾತು ಮುಗಿಯಿತೆಂದೇ, ಆಮೇಲೆ ಇನ್ನೇನಿದೆ? ಅವಳೂ ಎದ್ದಳು.

ಎದ್ದ ಮಾತ್ರಕ್ಕೆ ಹೋಗುವುದೇನೂ ಇಲ್ಲವಲ್ಲ. ಅಡಿಗೆಮನೆಯ ಬಾಗಿಲಲ್ಲಿ ಜೋಳ ಇನ್ನೂ ಒಣಗಿಲ್ಲವೆಂಬ ಬಗ್ಗೆ ಮಾತಾಯಿತು. ಕೋಟು ಹಾಕಿಕೊಳ್ಳುವಾಗ ಹಾರೊಲ್ಡ್‌ನ ಮಂಡಿ ಬಂತು. ಜಗುಲಿಯಲ್ಲಿ, ಹೋದ ವಸಂತದಲ್ಲಿ ಸತ್ತವರು ಯಾರು ಯಾರೆಂದು ಎಣಿಸಿದರು. ಒಂದೊಂದು ನಿಲುಗಡೆಯಲ್ಲೂ ಆರ್ಡಿಸ್ ಒಂದು ಕ್ಷಣ ಮಾತು ಬಿಟ್ಟು ಅವನಿಗೆ ಜಾಗ ಮಾಡಿಕೊಟ್ಟಳು. ಎಲ್ಡನ್ ಆ ಜಾಗದಲ್ಲಿ ಕೆಮ್ಮಿದ, ಅಥವಾ ಮೋಡ ನೋಡಿದ. ಕಾರಿನಲ್ಲಿ ಕೂತು ಗಾಜು ಇಳಿಸಿದ ಮೇಲೆ ಅವನು ಕಿಟಕಿಗೆ ಬಗ್ಗಿ, ಈಗ ಕೇಳುತ್ತಾನೆ ಎಂದು ಅವಳು ಕಾಯುತ್ತಿರುವಾಗ, "ಜಿಂಕೆ ಅಡ್ಡ ಬರ್ತವೆ, ಹುಷಾರು" ಎಂದು ಹೇಳಿ ಕಾರಿನ ತಲೆಯನ್ನು ಎರಡು ಸಲ ತಟ್ಟಿದ.

ಕಾರು ಹೊರಟಿತು. ಜಲ್ಲಿಯ ದಾರಿ ಅಂಗಳದಿಂದ ರಸ್ತೆಯವರೆಗೆ ನೆಟ್ಟಗೆ, ಉದ್ದಕ್ಕೆ. ಯಾಕೆ ಕೇಳಲಿಲ್ಲ? ಸುಳ್ಳು ಗೊತ್ತಾಯಿತೇ? ಅಥವಾ 'ನಿಜವಾಗ್ಲೂ ಅಗತ್ಯ ಇರೋರು' ಎಂದದ್ದು, ನಿನ್ನ ಕೊಟ್ಟಿಗೆ ನನ್ನ ಕುದುರೆಗೆ ಸಾಲದು ಎಂದ ಹಾಗೆ ಕೇಳಿಸಿತೇ? ಆ ಅಂಚನ್ನು ಅಷ್ಟು ಉಜ್ಜಿದ ಮನುಷ್ಯ. ಇನ್ನು ಒಳಗೆ ಹೋಗಿ ಒಬ್ಬನೇ ಬಟ್ಟಲು ತೊಳೆಯುತ್ತ, ಹಾಲಿನ ವಾಸನೆ ಇರಬೇಕು ಕಾರಣ, ಎಂದುಕೊಳ್ಳುತ್ತಾನೆ. ಹೋಗಲಿ, ಒಂದು ರೀತಿಯಲ್ಲಿ ಒಳ್ಳೆಯದೇ. ಅವನ ಹಲಗೆ ಉಳಿಯಿತು, ತಾನು ಮೋಸ ಮಾಡಿದ ಹಾಗಾಗಲಿಲ್ಲ, ಬೇಡವೆಂದದ್ದು ತಾನೇ ತಾನೆ. ಎಷ್ಟು ಅಚ್ಚುಕಟ್ಟಾಗಿ ಎಲ್ಲರೂ ಒಳ್ಳೆಯವರಾಗಿಯೇ ಉಳಿದು, ಸೋಮವಾರ ಮೇಬಲ್ ಗಾಡಿ ಹತ್ತುತ್ತಾಳೆ! ಅವಳಿಗೆ ನಗು ಬಂತು. ನಗು ಅಂದುಕೊಂಡದ್ದು ಗಂಟಲಲ್ಲೇ ಬೇರೆ ಏನೋ ಆಗಿ, ಗೊರ್ರೆಂದು ಗಾಳಿ ನುಂಗಿದ ಸದ್ದಾಯಿತು.

ರಸ್ತೆ ಸೇರುವಲ್ಲಿ ಕಾರು ನಿಲ್ಲಿಸಿದಳು. ಕನ್ನಡಿಯಲ್ಲಿ ಎಲ್ಡನ್ ಅಂಗಳದಲ್ಲೇ ಕೈ ಎತ್ತಿ ನಿಂತಿದ್ದ. ಬಂದವರು ಕಣ್ಮರೆಯಾಗುವವರೆಗೆ ಮನೆಯವರು ಒಳಗೆ ಹೋಗುವ ಹಾಗಿಲ್ಲ. ಅವಳು ಹೋಗಲಿಲ್ಲ, ಆದ್ದರಿಂದ ಅವನೂ ಹೋಗಲಿಲ್ಲ. ಒಂದು ನಿಮಿಷವಾಯಿತು. ಕೈ ಇಳಿಸಿದ, ಇಳಿಸಿದ್ದು ಸರಿಯಾಗಲಿಲ್ಲ ಅನಿಸಿರಬೇಕು, ಮತ್ತೆ ಎತ್ತಿದ. ಹೀಗೆಯೇ ಸೋಮವಾರದವರೆಗೂ ನಿಂತಿರಬಲ್ಲೆವು ನಾವು, ಅನಿಸಿತು ಆರ್ಡಿಸ್‌ಳಿಗೆ. ನಾವಿಬ್ಬರೂ ಇಲ್ಲಿ ಒಬ್ಬರ ಮನಸ್ಸನ್ನೊಬ್ಬರು ನೋಯಿಸದೆ ನಿಂತಿರುತ್ತೇವೆ, ಅಲ್ಲಿ ಅವಳನ್ನು ಗಾಡಿಗೆ ಹತ್ತಿಸುತ್ತಾರೆ. ಅವಳು ಗೇರು ಬದಲಿಸಿ ಹಿಂದಕ್ಕೆ ಬಿಟ್ಟಳು. ಹಿಂದಕ್ಕೆ ಓಡಿಸುವುದು ಅವಳಿಗೆ ಬಾರದ ವಿದ್ಯೆ. ಕಾರು ಹಾವಿನ ಹಾಗೆ ಡೊಂಕಾಗುತ್ತ ಹೋಗಿ, ಒಂದು ಚಕ್ರ ಹುಲ್ಲಿಗಿಳಿದು, ಎಲ್ಡನ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದದ್ದರಿಂದ ಅವನಿಗೆ ತಾಗದೆ ನಿಂತಿತು.

"ಏನಾದ್ರೂ ಮರೆತ್ರಾ?"

"ಮರ ಕಚ್ತಾಳೆ," ಎಂದಳು ಆರ್ಡಿಸ್.

"ಯಾರು?"

"ಮೇಬಲ್. ನನ್ನ ಕುದುರೆ. ಬಾಗಿಲಿಗೆ ಹಲ್ಲೂರಿ ಗಾಳಿ ನುಂಗ್ತಾಳೆ. ಪಟ್ಟಿ ಕಟ್ಟಿದ್ರೂ ಬಿಡಲ್ಲ, ಖಾರ ಹಚ್ಚಿದ್ರೂ ಬಿಡಲ್ಲ. ನೀವು ಉಜ್ಜಿದೀರಲ್ಲ ಆ ಅಂಚು, ವಸಂತದ ಹೊತ್ತಿಗೆ ಅದು ಇರಲ್ಲ. ನೀವು ಕೇಳ್ದಾಗ ನಾನು ಸುಳ್ಳು ಹೇಳ್ದೆ." ಉಸಿರು ತೆಗೆದುಕೊಂಡಳು. "ಏಳು ಕಡೆ ಕೇಳಿ ಆಯ್ತು. ಇಲ್ಲಿ ಇಲ್ಲ ಅಂದ್ರೆ ಸೋಮವಾರ ಹರಾಜಿಗೆ ಹೋಗ್ತಾಳೆ. ಅವಳ ಮೇಲೆ ನನಗೆ ಅಂಥಾ ಪ್ರೀತಿ ಇದೆ ಅಂತಾನೂ ಅಲ್ಲ. ಆದ್ರೆ ಆ ಟೋಪಿಯವನ ಲಾರಿ ಹತ್ತಬಾರ್ದು ಅವಳು. ನನಗೆ ಜಾಗ ಬೇಕು."

ಬೇಕು. ಮಾತು ಅಂಗಳದಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗಿತ್ತು. ಎಲ್ಡನ್ ಕಿವಿಯವರೆಗೆ ಕೆಂಪಾದ. ಇಷ್ಟು ನೇರವಾದ ಮಾತನ್ನು ಅವನ ಅಂಗಳದಲ್ಲಿ ಯಾರೂ ಆಡಿರಲಿಕ್ಕಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಕಾರಿನ ಚಕ್ರ ನೋಡಿದ, ಕೊಟ್ಟಿಗೆ ನೋಡಿದ, ಬೂಟಿನ ತುದಿಯಿಂದ ಒಂದು ಕಲ್ಲನ್ನು ತಿರುಗಿಸಿ ಅದರ ಇನ್ನೊಂದು ಮಗ್ಗುಲನ್ನೂ ನೋಡಿದ. ಆರ್ಡಿಸ್ ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು, ಈಗ 'ನೋಡೋಣಂತೆ' ಬರುತ್ತದೆ ಎಂದು ಕಾದಳು.

"ನಾಳೆ ಮಧ್ಯಾಹ್ನಕ್ಕೆ ಮೊದ್ಲೇ ತಂದ್ರೆ," ಎಂದ ಎಲ್ಡನ್ ಕೊನೆಗೆ, ಕಲ್ಲಿಗೆ ಹೇಳಿದ ಹಾಗೆ, "ಒದ್ದೆಯಾಗಲ್ಲ ಅವಳು."

ಅವಳಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಬಾಯಿ ಮತ್ತೆ ತನ್ನ ಪಾಡಿಗೆ ತಾನು ಹೊರಟಿತು: "ನಿಮಗೇನೂ ತೊಂದ್ರೆ ಆಗಲ್ಲ ಅಂದ್ರೆ ಮಾತ್ರ..."

ಎಲ್ಡನ್ ತಲೆಯೆತ್ತಿದ. ಅವಳು ಬಂದಾಗಿನಿಂದ ಮೊದಲ ಸಲ ಅವಳ ಮುಖವನ್ನೇ ನೋಡಿದ. ಅವನೊಬ್ಬನೇ ಯಾಕೆ, ಬಹಳ ದಿನಗಳಿಂದ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ.

"ತೊಂದ್ರೆ ಆಗತ್ತೆ," ಎಂದ. "ಕರ್ಕೊಂಡ್ ಬನ್ನಿ."

ಐವತ್ತೆಂಟು ವರ್ಷದಲ್ಲಿ ಕಲಿತ ಮಾತುಗಳನ್ನೆಲ್ಲ ಆರ್ಡಿಸ್ ಒಳಗೇ ತಡಕಾಡಿದಳು. ಎಲ್ಲವನ್ನೂ ಅಲ್ಲೇ ಬಿಟ್ಟು, "ನಾಳೆ ಬೆಳಿಗ್ಗೆ ತರ್ತೀನಿ," ಎಂದಳು. ಎಂಜಿನ್ ನಿಲ್ಲಿಸಿ, ಆ ಗೂಡನ್ನು ಇನ್ನೊಮ್ಮೆ ನೋಡಲು ಕೆಳಗಿಳಿದಳು.